ಕುಂಟನ ಪಾಳಿ

ಮಾಳಮ್ಮನ ಗಂಡ ಖಂಡೆಪ್ಪನಿಗೆ ಎಡಗಾಲಲ್ಲಿ ಬಲ ಇರಲಿಲ್ಲ. ಕುರಿಯವರ ಮನೆಯಲ್ಲಿ ಹುಟ್ಟಿ ಕುರಿಯ ಹಿಂದೆ ನಡೆಯಲಾರದವನಿಗೆ ಬೇರೆ ಕೆಲಸ ಹುಡುಕಬೇಕಲ್ಲ. ಮನೆಯವರು ಹುಡುಕಿದ್ದು ಜೇಲು.

ನಿಜಾಮರ ಕಾಲದಲ್ಲಿ ಎರಡು ಸಲ ಹೀಗಾಯಿತು. ಔರಾದ ಶಹಾಜನಿಯ ಬಯಲಲ್ಲಿ ಬೇರೆಯವರ ಕುರಿ ತಮ್ಮ ಹಿಂಡಿಗೆ ಬೆರೆತಾಗ ಅಣ್ಣ ಮಾಣಿಕಪ್ಪ ಅವುಗಳ ಕಿವಿ ಕೊಯ್ದು ತಮ್ಮ ಮನೆತನದ ಗುರುತು ಮಾಡಿದ. ಪೊಲೀಸರು ಬಂದರು. ಹಿಂಡು ಮುಂದೆ ಹೋಗಬೇಕು, ಮಾಣಿಕಪ್ಪನಿಲ್ಲದೆ ಅದು ಹೋಗದು.

"ಖಂಡ್ಯಾ, ನೀ ಹ್ಯಾಂಗೂ ಕುಂತೇ ಇರ್ತಿ. ಅಲ್ಲೇ ಕುಂತು ಬಾ," ಎಂದ ಅಪ್ಪ.

ಖಂಡೆಪ್ಪ ತಪ್ಪು ತನ್ನದೆಂದು ಹೆಬ್ಬೆಟ್ಟು ಒತ್ತಿದ. ಒಮ್ಮೆ ನಾಲ್ಕು ತಿಂಗಳು, ಇನ್ನೊಮ್ಮೆ ಏಳು. ಎರಡೂ ಸಲ ಮಾಳಮ್ಮ ಬುತ್ತಿ ಕಟ್ಟಿ ಕಳಿಸಿದಳು. ಜೇಲು ಮುಗಿದರೆ ಮಾತೂ ಮುಗಿಯಿತೆಂದು ಎಲ್ಲರೂ ತಿಳಿದಿದ್ದರು.

ನಿಜಾಮನನ್ನು ಇಳಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಆರನೇ ವರ್ಷಕ್ಕೆ ಖಂಡೆಪ್ಪ ತಾನೇ ಒಂದು ಕಳವು ಮಾಡಿದ. ಗುಂಜೋಟಿಯ ಒಕ್ಕಲಿಗ ಮನ್ಮಥಪ್ಪನ ಕೊಟ್ಟಿಗೆಯಿಂದ ಒಂದು ಟಗರು. ಸಿಕ್ಕಿಬಿದ್ದ ಮೇಲೆ ಯಾಕೆಂದು ಮಾಳಮ್ಮ ಕೇಳಿದಳು.

"ಎರಡ ಸಲ ಮಾಡದೇ ಹೋಗೀನಿ. ಈ ಸಲ ಮಾಡೇ ಹೋದ್ರಾತು ಅಂದೆ," ಎಂದು ನಕ್ಕ.

ಆಕೆಗೆ ನಗು ಬರಲಿಲ್ಲ. ನಿಜಾಮ ಹೋಗಿದ್ದ, ಅವನ ಕಾಗದ ಹೋಗಿರಲಿಲ್ಲ. ತಾಲೂಕು ಕೋರ್ಟಿನಲ್ಲಿ ಹಳೆಯ ಶಿಕ್ಷೆಗಳ ಆ ಎರಡು ಉರ್ದು ಕಾಗದ ಓದಿಸಿದರು. ಟಗರಿನದಷ್ಟೇ ಆಗಿದ್ದರೆ ಆರು ತಿಂಗಳು. ರೂಢಿಗೆ ಬಿದ್ದ ಕಳ್ಳನೆಂದು ಎರಡು ವರ್ಷ ಹಾಕಿದರು.

ಮೇಲಿನ ಕೋರ್ಟಿಗೆ ಅಪೀಲು ಹಾಕಿದ ವಕೀಲರು ಹೇಳಿದರು: "ಹಳೇ ಎರಡು ಇವಂದಲ್ಲ ಅಂತ ಖರೇ ಮಾಡಿದಾಂವಾ ಬಂದು ಹೇಳ್ಬೇಕು. ಆಗ ಕೇಳಿ ನೋಡೂಣು."

ಮಾಳಮ್ಮ ಹಿಂಡು ಹುಡುಕುತ್ತ ನಿಲಂಗಾ, ಉದಗೀರ ದಾಟಿದಳು. ಐದನೇ ದಿನ ಜಳಕೋಟದ ಬಳಿ ಮಾಣಿಕಪ್ಪ ಸಿಕ್ಕ.

"ಹಿಂಡು ಬಿಟ್ಟು ಹ್ಯಾಂಗ ಬರ್ಲೆವ್ವಾ?"

"ಅವರು ಹನ್ನೊಂದು ತಿಂಗಳು ನನ್ನ ಬಿಟ್ಟು ಹೋಗಿದ್ರಲ್ಲ, ಹಂಗ. ಭಾವನೋರ, ನಿಮ್ಮ ಕಾಲರೆ ಗಟ್ಟಿ ಅವ."

 ಮಾಣಿಕಪ್ಪ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಎದ್ದ. ಭಂಡಾರ ಹಚ್ಚಿದ ಮೇಲೆ ಅವನು ಸುಳ್ಳಾಡುವವನಲ್ಲ. ಮಾಳಮ್ಮನಿಗೆ ಅಷ್ಟೇ ಸಾಕಾಗಿತ್ತು.

ಸುಳ್ಳಾಡಲೂ ಇಲ್ಲ. "ಕಿವಿ ಕೊಯ್ದಾಂವಾ ನಾ ರೀ. ಜೇಲಿಗೆ ಹೋದಾಂವಾ ತಮ್ಮ," ಎಂದ ಜಡ್ಜರ ಮುಂದೆ.

ಹಾಗಾದರೆ ಆಗ ಒಪ್ಪಿಕೊಂಡದ್ದೇಕೆ ಎಂದು ಜಡ್ಜರು ಖಂಡೆಪ್ಪನನ್ನು ಕೇಳಿದರು. ವಕೀಲರು ಅದನ್ನು ಕನ್ನಡದಲ್ಲಿ ಹೇಳಿದರು.

"ಕುರಿ ಮುಂದ ಹೋಗ್ಬೇಕಿತ್ರೀ, ಸಾಹೇಬ್ರ."

ಯಾರೋ ನಕ್ಕರು. ಜಡ್ಜರು ನಗಲಿಲ್ಲ. ಹೆಬ್ಬೆಟ್ಟು ಇವನದೇ, ಒಪ್ಪಿಕೊಂಡವನೂ ಇವನೇ, ಆಗ ಅಪೀಲು ಮಾಡಿಲ್ಲ. ಶಿಕ್ಷೆ ಯಾರ ಮೇಲಾಗಿದೆ ಎಂಬುದನ್ನಷ್ಟೇ ಈ ಕೋರ್ಟು ನೋಡಬಲ್ಲದು ಎಂದರು. ಅಪೀಲು ವಜಾ ಆಯಿತು.

ಖಂಡೆಪ್ಪ ಕಾಲೆಳೆಯುತ್ತ ಪೊಲೀಸರ ಹಿಂದೆ ಹೋದ. ಈ ಸಲ ಬುತ್ತಿ ಇರಲಿಲ್ಲ.

"ನಾ ಖರೇನೇ ಹೇಳಿದ್ನೆವ್ವಾ," ಎಂದ ಮಾಣಿಕಪ್ಪ ಹೊರಗೆ.

"ಹೌದ್ರೀ. ತಡಾ ಆತು."

ಹಳೆಯ ಹನ್ನೊಂದು ತಿಂಗಳು, ಈಗಿನ ಎರಡು ವರ್ಷ. ಒಟ್ಟು ಮೂವತ್ತೈದು ತಿಂಗಳು. ಅದರಲ್ಲಿ ಖಂಡೆಪ್ಪನವು ಆರು.