ಕಾಲರಿನೊಳಗಿನ ಗುಂಡುಸೂಜಿ

ಆ ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಹೊಲಿದವಳು ತನ್ನ ಗುಂಡುಸೂಜಿಗಳನ್ನು ತಾನೇ ತೆಗೆಯುವಂತಿಲ್ಲ. ತಾನು ಚುಚ್ಚಿದ್ದು ತನ್ನ ಕಣ್ಣಿಗೆ ಬೀಳುವುದಿಲ್ಲ ಎನ್ನುವುದು ಅಂಗಡಿ ನಡೆಸುವ ಅತ್ತೆಯ ನಂಬಿಕೆ. ಹಾಗಾಗಿ ಹಿರಿಸೊಸೆ ಹೊಲಿದದ್ದನ್ನು ಕಿರಿಸೊಸೆ, ಕಿರಿಸೊಸೆಯದನ್ನು ಹಿರಿಸೊಸೆ ನೋಡಿ ಸೂಜಿ ತೆಗೆಯಬೇಕು. ಆದರೂ ಗಿರಾಕಿಗೆ ಚುಚ್ಚಿತೋ, ಬೈಗುಳ ಮಾತ್ರ ಹೊಲಿದವಳಿಗೇ.

ಅತ್ತೆಯ ಕಣ್ಣು ಮಂಜಾಗುತ್ತಿತ್ತು. ಬಟ್ಟೆ ಕತ್ತರಿಸುವ ಮೇಜನ್ನು ಇಬ್ಬರಲ್ಲಿ ಒಬ್ಬಳಿಗೆ ಒಪ್ಪಿಸುತ್ತೇನೆ ಎಂದಿದ್ದರು. ಆ ಮೇಜಿನ ಹಿಂದೆ ನಿಂತವಳೇ ಅಂಗಡಿಯ ಯಜಮಾನಿ ಅನ್ನಿ. ಹಿರಿಸೊಸೆ ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ಕಣ್ಣಿಟ್ಟವಳು. ಮೊನ್ನೆ ಮೊನ್ನೆ ಬಂದ ಕಿರಿಸೊಸೆಗೆ ಅತ್ತೆ, "ನಿನ್ನ ಕೈಲಿ ಬಟ್ಟೆ ಹೇಳಿದ ಮಾತು ಕೇಳುತ್ತೆ ಕಣೇ" ಅಂದಿದ್ದರು. ಹಿರಿಯಳ ಪಾಲಿಗೆ ಇಷ್ಟು ವರ್ಷದಲ್ಲಿ ಬಂದ ದೊಡ್ಡ ಬಿರುದೆಂದರೆ "ಪರವಾಗಿಲ್ಲ." ಅವತ್ತಿನಿಂದ ಅವಳಿಗೆ ಕಿರಿಯಳ ಹೊಲಿಗೆ ಯಂತ್ರದ ಸದ್ದು ಕೇಳಿದರೂ ಹೊಟ್ಟೆ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕಿರಿಯಳು ಹೊಲಿದ ವಕೀಲರೊಬ್ಬರ ಕೋಟು ಸೂಜಿ ತೆಗೆಯಲು ಹಿರಿಯಳ ಮಡಿಲಿಗೆ ಬಂತು. ಎಲ್ಲ ಸೂಜಿ ತೆಗೆದ ಮೇಲೂ ಕಾಲರಿನ ಮಡಿಕೆಯಲ್ಲಿ ಒಂದು ಉಳಿದಿತ್ತು. ಬೆರಳು ಅದರ ಮೇಲೆಯೇ ಇತ್ತು. ಎಳೆದರೆ ಮುಗಿಯಿತು. ಎಳೆಯಲಿಲ್ಲ. ಚುಚ್ಚಿಟ್ಟವಳು ನಾನಲ್ಲವಲ್ಲ, ನಾನು ಸುಮ್ಮನಿದ್ದೆ ಅಷ್ಟೆ, ಸುಮ್ಮನಿರುವುದೂ ಒಂದು ತಪ್ಪೇ ಎಂದು ಮನಸ್ಸು ವಾದ ಹೂಡಿತು. ಕೋಟನ್ನು ಮಡಚಿಟ್ಟಳು.

"ಆಯ್ತಾ ಅಕ್ಕ?"

"ಹೂಂ, ಆಯ್ತು."

"ನೀನು ನೋಡಿದ್ಮೇಲೆ ನಂಗೆ ಚಿಂತೆನೇ ಇಲ್ಲ ಬಿಡು."

ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದೆ!

ವಕೀಲರು ಬಂದರು. ಒಂದು ತೋಳು ತೂರಿಸಿದರು, ಇನ್ನೊಂದು ತೂರಿಸಿ ಕಾಲರನ್ನು ಕುತ್ತಿಗೆಗೆ ಎಳೆದುಕೊಳ್ಳಲು ಹೋದರು. ಹಿರಿಸೊಸೆ ಸ್ಟೂಲು ಉರುಳಿಸಿಕೊಂಡು ಎದ್ದು ಕಾಲರಿಗೆ ಕೈ ಹಾಕಿದಳು. "ತಾಳಿ ಸಾರ್!" ಸೂಜಿ ಅವಳ ಬೆರಳಿಗೇ ಇಳಿಯಿತು.

ವಕೀಲರು ಹೋದ ಮೇಲೆ ಅತ್ತೆ, "ಕಣ್ಣು ಅಂದ್ರೆ ಇದು! ಕೊನೇ ಗಳಿಗೇಲೂ ಹಿಡಿದಳು ನೋಡು. ಮೇಜು ನಿಂದೇ ಕಣಮ್ಮ" ಅಂದರು.

ಕಿರಿಯಳು ಓಡಿ ಬಂದು ಅವಳ ಬೆರಳಿಗೆ ಬಟ್ಟೆ ಸುತ್ತಿದಳು. "ಬದುಕಿಸಿದೆ ಅಕ್ಕ. ಮೇಜಿಗೆ ನೀನೇ ಸರಿ."

ಹಿರಿಯಳು ಆ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಒಂದು ಚೂರು ಅಸೂಯೆ ಸಿಕ್ಕಿದ್ದರೂ ಮೇಜನ್ನು ತೆಗೆದುಕೊಂಡುಬಿಡುತ್ತಿದ್ದಳೋ ಏನೋ. ಸಿಗಲಿಲ್ಲ.

"ಅದನ್ನ ಬೆಳಿಗ್ಗೆನೇ ನೋಡಿದ್ದೆ ಅತ್ತೆ."

"ನೋಡಿ?"

"ಬೈಗುಳ ಇವಳಿಗೆ ಬೀಳ್ಲಿ ಅನ್ನಿಸ್ತು. ತೆಗೆಯೋಕೆ ಕೈ ಏಳಲಿಲ್ಲ."

"ಕೈ ಏಳಲಿಲ್ಲವಂತೆ! ತಪ್ಪೆಲ್ಲ ಕೈದೇ ಅನ್ನು. ಹಾಗಾದ್ರೆ ಇವತ್ತು ಕೈ ಉಪವಾಸ ಇರ್ಲಿ, ನೀನು ಮಾತ್ರ ಊಟಕ್ಕೆ ಬಾ."

ಯಾರೂ ನಗಲಿಲ್ಲ. ಕಿರಿಯಳು ಮೆಲ್ಲಗೆ ಕೇಳಿದಳು, "ಮತ್ತೆ ಹಾರಿ ಬಂದು ಹಿಡಿದವಳು ಯಾರು?"

"ಅದೂ ನಾನೇ. ಯಾಕೆ ಬಿಟ್ಟೆ ಅಂತ ಚೆನ್ನಾಗಿ ಗೊತ್ತು. ಯಾಕೆ ಹಿಡಿದೆ ಅಂತ ನಂಗೇ ಗೊತ್ತಿಲ್ಲ ಕಣೇ."

ಅತ್ತೆ ಕತ್ತರಿಯನ್ನು ಮೇಜಿನ ಮೇಲಿಂದ ಕಿರಿಯಳ ಕಡೆ ಸರಿಸಿದರು. ಬೇಡ ಅನ್ನುತ್ತಾಳೇನೋ ಎಂದು ಹಿರಿಯಳು ಕಾದಳು. ಅವಳು ಅನ್ನಲಿಲ್ಲ.

ಸಂಜೆ ಕಿರಿಯಳು ಹೊಲಿದು ಮುಗಿಸಿದ ಲಂಗವೊಂದನ್ನು ತಂದು ಎದುರಿಗಿಟ್ಟಳು. ಎಂದಿನಂತೆ ಇಟ್ಟು ಹೋಗಲಿಲ್ಲ, ಪಕ್ಕದಲ್ಲೇ ನಿಂತು ನೋಡತೊಡಗಿದಳು. ಅಂಚಿನಲ್ಲಿ ಒಂದು ಹೊಲಿಗೆಯೂ ಡೊಂಕಿರಲಿಲ್ಲ. ಹಿರಿಯಳಿಗೆ ಮತ್ತೆ ಅದೇ ಹೊಟ್ಟೆಯುರಿ. ಲಂಗವನ್ನು ಬೆಳಕಿಗೆ ಹಿಡಿದು ಮೊದಲ ಸೂಜಿ ಎಳೆದಳು.