ಅಂಗುಸ್ತಾನದ ಸದ್ದು

"ಇದು ನನ್ನ ಬೆರಳಲ್ಲ. ಯಾರನ್ನ ಕರೆಸಿ ನುಡಿಸಿದೆ, ಬೊಗಳು."

ಅಕ್ಕ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದಳು. ಬ್ಯಾಂಡಿನ ಹಾಡುಗಾರನಾದ ಅವಳ ತಮ್ಮ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ ಗೋಡೆ ನೋಡಿದ.

"ಕೂಗಾಡಬೇಡ. ನಿನ್ನ ಬಾಸ್ ಗಿಟಾರ್ ಭಾಗ ಮತ್ತೆ ನುಡಿಸೋಕೆ ಆಡಿಯೋ ಕಂಪನಿಯವರು ಯಾರನ್ನೋ ಕಳಿಸಿದ್ರು. ಇಪ್ಪತ್ತು ವರ್ಷ ಆದ್ಮೇಲೆ ಹಳೇ ಆಲ್ಬಮ್ ಮತ್ತೆ ಹೊರಗೆ ಬರ್ತಿದೆ, ಒಂಚೂರು ಚೊಕ್ಕ ಆಗ್ಲಿ ಅಂದ್ರು. ಆ ಟಕ್ ಟಕ್ ಕೇಳಿದ್ರೆ ಜನ ತಮ್ಮ ಫೋನೇ ಕೆಟ್ಟಿದೆ ಅಂದ್ಕೋತಾರಂತೆ."

"ಇಷ್ಟು ವರ್ಷ ಯಾರ ಫೋನ್ ಕೆಟ್ಟಿತ್ತೋ?"

ಆ ಟಕ್ ಹುಟ್ಟಿದ್ದು ಗಡಿಬಿಡಿಯಲ್ಲಿ. ಅಕ್ಕ ಆಗಲೂ ದರ್ಜಿ, ಈಗಲೂ ದರ್ಜಿ. ಈ ಆಲ್ಬಮ್ ರೆಕಾರ್ಡ್ ಮಾಡಿದ ದಿನ ರಾಶಿ ಕೋಟುಗಳಿಗೆ ಗುಂಡಿ ಹೊಲಿದು, ಸೂಜಿ ಚುಚ್ಚದಿರಲೆಂದು ನಡುಬೆರಳಿಗೆ ಹಾಕುವ ಲೋಹದ ಅಂಗುಸ್ತಾನವನ್ನು ತೆಗೆಯಲು ಮರೆತು ಸ್ಟುಡಿಯೋಗೆ ಓಡಿ ಬಂದಿದ್ದಳು. ಅದು ಬಾಸ್ ಗಿಟಾರಿನ ದಪ್ಪ ತಂತಿಗೆ ತಾಗಿ, ಪ್ರತಿ ಸ್ವರದ ತಲೆಗೂ ಒಂದು ಮೊಟಕು ಬಿದ್ದಂತೆ ಸದ್ದಾಯಿತು. ಅಳಿಸೋಣ ಎಂದವಳು ಅವಳೇ. "ಮುಟ್ಟಿದ್ರೆ ಕೈ ಮುರೀತೀನಿ" ಎಂದು ತಡೆದವನು ಇದೇ ತಮ್ಮ. ಅದಕ್ಕೂ ಮೊದಲು ಎರಡು ಆಲ್ಬಮ್ ಮಾಡಿದ್ದರು, ನಾಯಿಯೂ ಮೂಸಿರಲಿಲ್ಲ. ಆಮೇಲೆ ಹಾಡು ಶುರುವಾಗಿ ಎರಡು ಟಕ್ ಬೀಳುವಷ್ಟರಲ್ಲಿ ಇವರೇ ಎಂದು ಜನ ಗುರುತು ಹಿಡಿಯುತ್ತಿದ್ದರು. ಅಂದಿನಿಂದ ಅವಳು ಅಂಗುಸ್ತಾನವಿಲ್ಲದೆ ನುಡಿಸಿದ್ದೇ ಇಲ್ಲ.

"ಯಾಕಿಷ್ಟು ಹಾರಾಡ್ತೀಯ?" ಎಂದ ತಮ್ಮ. "ಕವರ್ ಮೇಲೆ ನಿನ್ನ ಹೆಸರು ಹಾಗೇ ಇರುತ್ತೆ."

"ಯಾರೋ ಹೆತ್ತಿದ್ದಕ್ಕೆ ನಾನು ತಾಯಿ ಅಂತ ಹೇಳ್ಕೊಂಡು ತಿರುಗಲಾ?"

ಮೂಲೆಯಲ್ಲಿ ಡ್ರಮ್ ಬಾರಿಸುವ ಗುಂಡ, ಮೊದಲೇ ಬಿಗಿಯಾಗಿದ್ದ ಡ್ರಮ್ಮಿನ ತಿರುಪನ್ನು ಮತ್ತೆ ಬಿಗಿಯುತ್ತಿದ್ದ. ಅಕ್ಕ ಅವನ ಕಡೆ ತಿರುಗಿದಳು.

"ಕಂಪನಿಯವನು ಬಂದು ನುಡಿಸುವಾಗ ನೀನಿಲ್ಲೇ ಇದ್ಯಾ?"

"ಇದ್ದೆ ಅಕ್ಕಾ."

"ಒಂದು ಮಾತು ಹೇಳೋಕೆ ಬಾಯಿಗೇನು ಹೊಲಿಗೆ ಹಾಕಿದ್ರಾ?"

ಗುಂಡ ಬಗ್ಗಿ ಇನ್ನೊಂದು ತಿರುಪಿಗೆ ಕೈ ಹಾಕಿದ. ತಮ್ಮನಿಗಿಂತ ಇವನ ಬಗ್ಗಿದ ಕತ್ತು ನೋಡಿಯೇ ಅವಳಿಗೆ ಮೈಯೆಲ್ಲ ಉರಿಯಿತು.

"ನಾನು ನುಡಿಸಿದ್ದನ್ನ ವಾಪಸ್ ಹಾಕು," ಎಂದಳು ತಮ್ಮನಿಗೆ. "ಇಲ್ಲಾಂದ್ರೆ ಈ ಬ್ಯಾಂಡಲ್ಲಿ ನಾನಿಲ್ಲ."

"ಆಗಲ್ಲ. ಒಪ್ಕೊಂಡಾಯ್ತು. ಹೋಗು, ಸ್ವಲ್ಪ ಗಾಳಿಗೆ ಓಡಾಡ್ಕೊಂಡು ಬಾ. ಪ್ರತಿ ಸಲ ಬಾಗಿಲು ಬಡಿದು ಹೋಗ್ತೀಯ, ಸಂಜೆ ಬಂದು ಕಾಫಿ ಕೇಳ್ತೀಯ."

ಅದು ಸುಳ್ಳಾಗಿರಲಿಲ್ಲ. ಹಾಗೆ ಹೋದಾಗಲೆಲ್ಲ ಗಿಟಾರನ್ನು ಇಲ್ಲೇ ಬಿಟ್ಟು ಹೋಗಿದ್ದಳು. ಈ ಸಲ ವೈರು ಕಿತ್ತು ಸುತ್ತಿ, ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಹೆಗಲಿಗೇರಿಸಿದಳು. ಬಾಗಿಲು ಬಡಿಯಲಿಲ್ಲ, ಸದ್ದಾಗದಂತೆ ಎಳೆದುಕೊಂಡಳು.

ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದ. "ಆಳುದ್ದ ಇದೆಯಲ್ಲಮ್ಮಾ. ಇದಕ್ಕೂ ಟಿಕೆಟ್ ಆಗುತ್ತೆ."

"ಎರಡು ಕೊಡಿ."

ಪೆಟ್ಟಿಗೆಯನ್ನು ಕಿಟಕಿಯ ಕಡೆ ಕೂರಿಸಿದಳು. ತಾನು ಸೀಟಿನ ಅಂಚಿಗೆ ಕೂತು, ತಿರುವುಗಳಲ್ಲಿ ಅದು ವಾಲದಂತೆ ಒಂದು ಕೈಯಿಂದ ಬಳಸಿ ಹಿಡಿದುಕೊಂಡಳು.