ಸಾವಿರದ ಮುನ್ನೂರ ಹನ್ನೆರಡು ತಪ್ಪುಗಳು

"ಬಾಗಿಲು ಹಾಕಿದ್ರಾ?" ಎಂದು ಕಂಪ್ಯೂಟರಿನಿಂದ ಯಾರೋ ಗಂಡಸು ಕೇಳಿದ.

ವಾಚ್ ರಿಪೇರಿಯವನು ತಾನು ಟೈಪ್ ಮಾಡಿದ್ದ ಅದೇ ಅಕ್ಷರಗಳನ್ನು ಇನ್ನೊಮ್ಮೆ ಒತ್ತಿದ. ಮತ್ತೆ ಅದೇ ಗಂಡಸು, ಸ್ಟೇಷನ್ನಿನಲ್ಲಿ ರೈಲಿನ ಹೊತ್ತು ಹೇಳುವವನ ಹಾಗೆ ಕೇಳಿದ. ಆ ಪೆಟ್ಟಿಗೆಯಲ್ಲಿ ಇರಬೇಕಾಗಿದ್ದದ್ದು ಇವನ ಹೆಂಡತಿಯ ದನಿ.

ಎರಡು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆ ಎದ್ದು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಅದಕ್ಕೆ ಮುಂಚೆ ಅವಳು ಒಂದು ಸಣ್ಣ ಕಂಪನಿಯ ಕೋಣೆಯಲ್ಲಿ ಹನ್ನೊಂದು ದಿನ ಕೂತು, ಸಾವಿರದಾರುನೂರು ವಾಕ್ಯ ಓದಿ ಬಂದಿದ್ದಳು. ಅದರಿಂದ ಅವರು ದನಿ ಕಟ್ಟಿಕೊಟ್ಟರು. ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರು ಅವಳ ದನಿಯಲ್ಲೇ ಆಡುತ್ತಿತ್ತು, ಸಿಟ್ಟು ಬಂದಾಗ ಕೊನೆಯಲ್ಲಿ ಎಳೆಯುವ ರಾಗದ ಸಮೇತ. ಆಪರೇಷನ್ ಕೋಣೆಗೆ ಹೋಗುವಾಗ, "ಇನ್ಮೇಲೆ ನನ್ನ ಬಾಯಿ ಮುಚ್ಚಿಸಬೇಕು ಅಂದ್ರೆ ಕರೆಂಟೇ ಹೋಗಬೇಕು ನೋಡಿ" ಎಂದು ನಕ್ಕಿದ್ದಳು. ಅವಳ ಸ್ವಂತ ಬಾಯಿಂದ ಬಂದ ಕೊನೆಯ ಮಾತು ಅದು.

ಇವತ್ತು ಬೆಳಿಗ್ಗೆ ತಂಗಿಯ ಜೊತೆ ಚೆಕಪ್ಪಿಗೆ ಹೋಗಿದ್ದಳು. ಒಂದು ಗಂಟೆಗೆ ವಾಪಸು. ಕಂಪ್ಯೂಟರು ಆಮೆಯಾಗಿದೆ, ಒಂದು ಮಾತು ಹೊರಡಿಸುವುದರೊಳಗೆ ಕೋಪವೇ ಆರಿಹೋಗುತ್ತದೆ ಎಂದು ನಿನ್ನೆ ದೂರಿದ್ದಳು. ಸರಿ, ಗಂಡನಿಗೆ ಉತ್ಸಾಹ ಉಕ್ಕಿತು. ನಲವತ್ತು ವರ್ಷ ವಾಚ್ ಬಿಚ್ಚಿದ ಕೈ. ನಿಧಾನ ಓಡುತ್ತಿದೆಯೋ, ಬಿಚ್ಚು, ತೊಳೆ, ಎಣ್ಣೆ ಬಿಡು. ಅವನಿಗೆ ಗೊತ್ತಿದ್ದ ವೈದ್ಯ ಅದೊಂದೇ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕ್ಲೀನರ್ ಅನ್ನುವ ಪುಕ್ಕಟೆ ಪ್ರೋಗ್ರಾಮು ಸಿಕ್ಕಿತು. ಯಾವ ಸಾಮಾನು ಎಲ್ಲಿದೆ ಅಂತ ಕಂಪ್ಯೂಟರು ಬರೆದಿಟ್ಟುಕೊಳ್ಳುವ ಪಟ್ಟಿಗೆ ರಿಜಿಸ್ಟ್ರಿ ಅನ್ನುತ್ತಾರಂತೆ, ಅದರಲ್ಲಿ ಕಸ ತುಂಬಿದರೆ ಓಟ ನಿಧಾನವಂತೆ. ಕ್ಲೀನರ್ ಎರಡು ನಿಮಿಷ ಜಾಲಾಡಿ, ಕೆಂಪು ಅಕ್ಷರದಲ್ಲಿ ಸಾವಿರದ ಮುನ್ನೂರ ಹನ್ನೆರಡು ತಪ್ಪು ತೋರಿಸಿತು. ಅಬ್ಬಾ, ಇಷ್ಟು ಕೊಳೆ ಇಟ್ಟುಕೊಂಡು ಇದು ಓಡಿದ್ದೇ ಹೆಚ್ಚು ಅಂದುಕೊಂಡ. ತೆಗೆದದ್ದರ ನಕಲು ಇಡಲೇ ಎಂದು ಅದು ಕೇಳಿದಾಗ ನಗು ಬಂತು. ವಾಚ್ ತೊಳೆದ ಪೆಟ್ರೋಲನ್ನು ಯಾವ ಮಾರಾಯ ಸೀಸೆಯಲ್ಲಿ ಕಾಪಾಡುತ್ತಾನೆ? ಬೇಡ ಅಂತ ಒತ್ತಿದ. ಆಮೇಲೆ ಎಲ್ಲ ಸರಿಮಾಡು ಅಂತ ಒತ್ತಿದ. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಹಾಗೆ.

ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದ. ಅವನು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟ. ಮನೆ ಕಂಪ್ಯೂಟರಿಗೆ ಅದರ ಅಗತ್ಯವೇ ಇಲ್ಲ, ಎಷ್ಟು ತೊಳೆದರೂ ಓಟ ಹೆಚ್ಚುವುದಿಲ್ಲ, ಕಸದ ಜೊತೆ ಪಟ್ಟಿಯ ಬೇಕಾದ ಸಾಲೂ ಹೋಗುತ್ತದೆ ಎಂದ. ನಕಲು ಇದೆಯಾ ಅಂದ. ಇಲ್ಲ. ದನಿ ಹಾಕಿಕೊಟ್ಟ ಕಂಪನಿ? ಹೋದ ವರ್ಷವೇ ಮುಚ್ಚಿತ್ತು.

"ದನಿ ಒಳಗೇ ಎಲ್ಲೋ ಇರಬಹುದು. ಆದ್ರೆ ಅದು ಇದೆ ಅನ್ನೋದೇ ಕಂಪ್ಯೂಟರಿಗೆ ಗೊತ್ತಿಲ್ಲ ಈಗ. ಇನ್ನೇನೂ ಮುಟ್ಟಬೇಡಿ. ನಾಳೆ ಬರ್ತೀನಿ. ಸಿಕ್ಕೇ ಸಿಗುತ್ತೆ ಅಂತ ಆಣೆ ಮಾಡಲ್ಲ."

ಹನ್ನೆರಡೂವರೆ. ಹಳೇ ಪೆಟ್ಟಿಗೆ, ತಾನಾಗಿ ಕೆಟ್ಟಿತು ಅಂದರೆ ಯಾರು ಕೇಳುತ್ತಾರೆ? ಗಿರಾಕಿಗಳಿಗೆ ಎಷ್ಟೋ ಸಲ ಹಾಗೆ ಹೇಳಿ ದಕ್ಕಿಸಿಕೊಂಡಿದ್ದ. ಕಂಪ್ಯೂಟರಿನ ಕರೆಂಟ್ ವೈರ್ ಕಿತ್ತ. ಮತ್ತೆ ಸಿಕ್ಕಿಸಿದ. ಮತ್ತೆ ಕಿತ್ತ. ಗೇಟಿನ ಸದ್ದಾದಾಗ ವೈರ್ ಇನ್ನೂ ಕೈಯಲ್ಲೇ ಇತ್ತು. ನಾಚಿಕೆಯಾಗಿ ಸಿಕ್ಕಿಸಿ, ಕಂಪ್ಯೂಟರ್ ಆನ್ ಮಾಡಿಬಿಟ್ಟ.

ಹೆಂಡತಿ ಚಪ್ಪಲಿ ಬಿಟ್ಟವಳೇ ಹೆಬ್ಬೆರಳು ಎತ್ತಿ ತೋರಿಸಿದಳು, ರಿಪೋರ್ಟು ಚೆನ್ನಾಗಿದೆ. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತು ಮುಖದ ತುಂಬ ಇತ್ತು. ನೀರೂ ಕುಡಿಯದೆ ಕುರ್ಚಿ ಎಳೆದುಕೊಂಡು ಕೂತಳು.

"ಸ್ವಲ್ಪ ತಡಿ," ಎಂದ. "ನಾನೇ ಮಾಡ್ದೆ. ಕ್ಲೀನ್ ಮಾಡೋಕೆ ಹೋಗಿ ನಿನ್ನ ದನಿ ಅಳಿಸಿಬಿಟ್ಟೆ."

ಅವಳು ಅವನನ್ನೇ ನೋಡಿದಳು. ಆಮೇಲೆ ಟೈಪ್ ಮಾಡಿದಳು.

"ತಮಾಷೆ ಮಾಡಬೇಡಿ," ಎಂದ ಆ ಗಂಡಸು.

ಕಾದ ಬಾಣಲೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದಳು. ಕಣ್ಣಲ್ಲಿ ನೀರು ತುಂಬಿತು. ಅವನು ನಾಳೆ ಅಂಗಡಿಯವನು ಬರುತ್ತಾನೆ, ಒಳಗೇ ಎಲ್ಲೋ ಇರಬಹುದಂತೆ ಎಂದೆಲ್ಲ ಹೇಳುತ್ತಲೇ ಹೋದ. ಅವಳು ಕಂಪ್ಯೂಟರಿಗೆ ಬೆನ್ನು ಹಾಕಿ ತಿರುಗಿ, ಬರೀ ತುಟಿಯಲ್ಲಿ ಬೈಯತೊಡಗಿದಳು. ಸದ್ದೇ ಇಲ್ಲದ ಬೈಗುಳ ಸರಸರ ಹೋಯಿತು. ಅವನಿಗೆ ಒಂದೂ ಸಿಗಲಿಲ್ಲ. ಎರಡು ವರ್ಷದಿಂದ ಅವನು ವಾಚಿನ ಮೇಲೆ ಬಗ್ಗಿಕೊಂಡೇ ಅವಳ ಮಾತು ಕೇಳಿದವನು.

"ನಿಧಾನ. ಇನ್ನೊಂದ್ಸಲ," ಎಂದ.

ಅವಳು ಇನ್ನೊಂದು ಸಲ ಅಂದಳು. ಅವನು ಬಾಯಲ್ಲೇ ಜೋಡಿಸಿಕೊಂಡ. "ನನ್ನ... ಒಂದು ಮಾತು... ಕೇಳದೆ?"

ಅವಳು ಹೌದೆಂದು ತಲೆಯಾಡಿಸಿದಳು. ಮುಂದಿನದು ಮತ್ತೆ ತಪ್ಪಿಹೋಯಿತು. ಅದಾದ ಮೇಲಿನದೂ ತಪ್ಪಿತು. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎದ್ದಳು. ಕಿಟಕಿಯ ಪರದೆ ಪೂರ್ತಿ ಸರಿಸಿ, ಬೆಳಕು ತನ್ನ ಬಾಯಿಯ ಮೇಲೆ ಬೀಳುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತು, ಮೊದಲಿನಿಂದ ಶುರುಮಾಡಿದಳು.